ಕಮಿಟಿಗೆ ‘ಆಗೂದಿಲ್ಲ’ ಅಂದರೆ ದೇವರಿಗೆ ಅಂದಂತಲ್ಲ

ಪ್ರಶ್ನೆ: ನನಗೆ 46 ವರ್ಷ. ಹುಬ್ಬಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಯಜಮಾನರು ರೈಲ್ವೆ ವರ್ಕ್‌ಶಾಪಿನಲ್ಲಿದ್ದಾರೆ, ಮಗಳು ಪಿಯುಸಿ ಎರಡನೇ ವರ್ಷ, ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ನಾಲ್ಕು ತಲೆಮಾರಿನಿಂದ ನಾವು ಬಾಸೆಲ್ ಮಿಷನ್ ಕ್ರೈಸ್ತ ಸಭೆಯವರು. ಕೋವಿಡ್ ಹೊತ್ತಿನಲ್ಲಿ ಕಿಮ್ಸ್ ಆಸ್ಪತ್ರೆಗೆ ಬಂದ ಪರಸ್ಥಳದವರಿಗೆ ನಾವು ಕೆಲವರು ಊಟ ಮುಟ್ಟಿಸುತ್ತಿದ್ದೆವು. ಆಮೇಲೆ ನಾನು ಅದನ್ನು ಬಿಡಲಿಲ್ಲ. ವಾರಕ್ಕೆ ಎರಡು ದಿನ ಶಾಲೆ ಬಿಟ್ಟ ಮೇಲೆ ವಾರ್ಡಿಗೆ ಹೋಗುತ್ತೇನೆ. ಇದರ ಜೊತೆಗೆ ಸಂಡೇ ಸ್ಕೂಲು, ಮಹಿಳಾ ಕೂಟದ ಖಜಾಂಚಿಕೆ, ಮನೆಮನೆಯ ಪ್ರಾರ್ಥನೆ ಎಲ್ಲ ಸೇರಿಕೊಂಡಿವೆ. ಈಗ ಸಭೆಯ ಕಮಿಟಿಗೂ ಬರಬೇಕೆಂದು ಒತ್ತಾಯ. ‘ಆಗೂದಿಲ್ರಿ’ ಅಂದಿದ್ದಕ್ಕೆ ಹಿರಿಯರೊಬ್ಬರು, ‘ದೇವರ ಕೆಲಸಕ್ಕ ಟೈಮ್ ಇಲ್ಲಂದ್ರ ಹ್ಯಾಂಗ್ರಿ?’ ಅಂದರು. ನನಗೆ ಮಾತೇ ಹೊರಡಲಿಲ್ಲ.

ಎರಡು ತಿಂಗಳ ಹಿಂದೆ ನವಲಗುಂದ ಕಡೆಯ ಒಬ್ಬ ಹಿರಿಯರು ವಾರ್ಡಿನಲ್ಲಿದ್ದರು. ಅವರ ಸೊಸೆ ರಾತ್ರಿ ಹನ್ನೊಂದರ ಹೊತ್ತಿಗೆ ನನಗೆ ಫೋನ್ ಮಾಡಿದ್ದಳು. ನಾನು ಮಲಗಿಬಿಟ್ಟಿದ್ದೆ. ಬೆಳಗಿನ ಜಾವ ಅವರು ತೀರಿಕೊಂಡರು. ಆ ಹೆಣ್ಣುಮಗಳಿಗೆ ಇಲ್ಲಿವರೆಗೂ ಮುಖ ತೋರಿಸಿಲ್ಲ. ಮೊನ್ನೆ ಮಗಳು, ‘ಮಮ್ಮಿ, ನಾನೂ ಕಿಮ್ಸ್‌ನ್ಯಾಗ ಅಡ್ಮಿಟ್ ಆದ್ರ ನನ್ನ ಕಡೆನೂ ಬಂದು ಕುಂಡ್ರತೀಯೇನು?’ ಅಂದಳು. ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಸಿರುವುದು ಇದು: ಇತ್ತೀಚೆಗೆ ಪ್ರಾರ್ಥನೆ ಮಾಡುವಾಗ ನನ್ನೊಳಗೆ ಏನೂ ಆಗುವುದಿಲ್ಲ. ಬಾಯಿ ಮಾತಾಡುತ್ತದೆ, ಅಷ್ಟೇ. ನಾನು ನಾಟಕ ಮಾಡುತ್ತಿದ್ದೇನಾ? ಸೇವೆ ಬಿಟ್ಟರೆ ದೇವರಿಗೆ ದ್ರೋಹ ಮಾಡಿದಂತೆ ಆಗುವುದಿಲ್ಲವೇ?

— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಪ್ರಿಯ ಸಹೋದರಿ,

ನಿಮ್ಮ ಪತ್ರದಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಷ್ಟೆಲ್ಲ ಕೆಲಸ ಪಟ್ಟಿ ಮಾಡಿದ ನೀವು ‘ನನಗೆ ಸುಸ್ತಾಗಿದೆ’ ಎಂದು ಎಲ್ಲೂ ಬರೆದಿಲ್ಲ. ತಪ್ಪಿತಸ್ಥಳು ಎಂದು ಮಾತ್ರ ಬರೆದಿದ್ದೀರಿ. ಮಗಳ ಮುಂದೆ, ಆ ಸೊಸೆಯ ಮುಂದೆ, ಹಿರಿಯರ ಮುಂದೆ, ಕೊನೆಗೆ ದೇವರ ಮುಂದೆಯೂ ತಪ್ಪಿತಸ್ಥಳು. ಹಾಗಾಗಿ ನೀವು ಹೇಳದೆ ಬಿಟ್ಟದ್ದನ್ನು ಮೊದಲು ನಾನೇ ಹೇಳುತ್ತೇನೆ: ನಿಮಗೆ ತುಂಬಾ ದಣಿವಾಗಿದೆ. ಬೆಳಿಗ್ಗೆ ಮನೆಗೆಲಸ, ಹಗಲೆಲ್ಲ ಮಕ್ಕಳ ಮುಂದೆ ನಿಂತು ಪಾಠ, ಸಂಜೆ ವಾರ್ಡು, ರಾತ್ರಿ ಪ್ರಾರ್ಥನಾ ಕೂಟ, ಅದಾದ ಮೇಲೂ ಫೋನು. ವರ್ಷಗಟ್ಟಲೆ ಹೀಗೆ ನಡೆದರೆ ಯಾರೇ ಆಗಲಿ ದಣಿಯುತ್ತಾರೆ. ಇದು ವಿಶ್ವಾಸ ಕಡಿಮೆಯಾದ ಗುರುತಲ್ಲ.

ಆ ರಾತ್ರಿಯ ನೋವನ್ನೂ ನಾನು ಹಗುರ ಮಾಡುವುದಿಲ್ಲ. ಬೆಳಗಾಗೆದ್ದು ಫೋನಿನಲ್ಲಿ ಆ ಮಿಸ್ಡ್ ಕಾಲ್ ನೋಡಿದಾಗ ನಿಮಗೆ ಹೇಗಾಗಿರಬೇಕು! ಆದರೆ ನಡೆದದ್ದನ್ನು ನಡೆದಷ್ಟೇ ನೋಡೋಣ. ಆ ಹಿರಿಯರು ಆಸ್ಪತ್ರೆಯಲ್ಲಿದ್ದರು. ಅವರ ಜೀವ ನೋಡಿಕೊಳ್ಳಲು ಅಲ್ಲಿ ಡಾಕ್ಟರರೂ ಸಿಸ್ಟರುಗಳೂ ಇದ್ದರು. ನೀವು ಫೋನ್ ಎತ್ತಿದ್ದರೆ ಆ ಸೊಸೆಗೆ ಧೈರ್ಯ ಸಿಗುತ್ತಿತ್ತು. ಸಾವು ನಿಲ್ಲುತ್ತಿತ್ತು ಎನ್ನಲಾಗದು. ನಿಮ್ಮಿಂದ ಆಗದೇ ಹೋದದ್ದು ಒಂದು ಸಾಂತ್ವನ. ಅದಕ್ಕೆ ಮರುಗಬಹುದು, ಅದು ಸಹಜ. ಆದರೆ ಒಂದು ಜೀವದ ಲೆಕ್ಕವನ್ನೇ ತಲೆಯ ಮೇಲೆ ಹೊತ್ತುಕೊಂಡು ತಿರುಗಬೇಡಿ. ಅಷ್ಟು ದೊಡ್ಡ ಹೊಣೆಯನ್ನು ನಿಮಗೆ ಯಾರೂ ಒಪ್ಪಿಸಿರಲಿಲ್ಲ.

ಇನ್ನು ‘ನಾಟಕ’ದ ಮಾತು. ವಾರ್ಡಿನಲ್ಲಿ ಯಾರೋ ಕೈ ಹಿಡಿದು ‘ಒಂದೀಟು ಪ್ರಾರ್ಥನಾ ಮಾಡ್ರಿ’ ಅನ್ನುತ್ತಾರೆ. ನಿಮ್ಮೊಳಗೆ ಏನೂ ಮಿಡಿಯದಿದ್ದರೂ ನೀವು ನಿಂತು ಮಾಡುತ್ತೀರಿ. ಆ ಮಾತು ಬೇಕಾಗಿದ್ದದ್ದು ಅವರಿಗೆ, ಅದು ಅವರಿಗೆ ಮುಟ್ಟಿತು. ಪಾಠ ಮಾಡುವ ಉಮೇದು ಇಲ್ಲದ ದಿನವೂ ನೀವು ಕ್ಲಾಸಿಗೆ ಹೋಗುತ್ತೀರಿ, ಮಕ್ಕಳು ಕಲಿಯುತ್ತಾರೆ. ಆ ದಿನ ನೀವು ಸುಳ್ಳು ಟೀಚರ್ ಆದಿರಾ? ಭಾವ ಬತ್ತಿದಾಗಲೂ ಮಾಡುವ ಪ್ರಾರ್ಥನೆಗೆ ನಿಷ್ಠೆ ಎಂಬ ಹೆಸರೂ ಇದೆ. ಆದರೆ ಭಾವ ಯಾಕೆ ಬತ್ತಿತು ಎಂದು ಕೇಳಿಕೊಳ್ಳಲೇಬೇಕು.

ನಿಮ್ಮ ಸತ್ಯವೇದದಲ್ಲೇ ಪ್ರವಾದಿ ಎಲೀಯನ ಕತೆ ಇದೆ. ಸಂಡೇ ಸ್ಕೂಲಿನ ಮಕ್ಕಳಿಗೆ ನೀವು ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಬಿದ್ದ ಭಾಗವನ್ನು ಎಷ್ಟೋ ಸಲ ಹೇಳಿರುತ್ತೀರಿ. ಅದರ ಮುಂದಿನ ಅಧ್ಯಾಯವನ್ನು ಈಗ ನಿಮಗಾಗಿ ಓದಿ. ಅಷ್ಟು ದೊಡ್ಡ ಗೆಲುವಿನ ಬೆನ್ನಿಗೇ ಆತ ರಾಣಿಯ ಬೆದರಿಕೆಗೆ ಹೆದರಿ ಅಡವಿಗೆ ಓಡುತ್ತಾನೆ. ಒಂದು ಗಿಡದ ಬುಡದಲ್ಲಿ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಬೇಡುತ್ತಾನೆ. ದೇವರು ಬೈಯುವುದಿಲ್ಲ. ‘ಇನ್ನೂ ಪ್ರಾರ್ಥನೆ ಮಾಡು’ ಎನ್ನುವುದೂ ಇಲ್ಲ. ಮೊದಲು ಆತ ನಿದ್ದೆ ಮಾಡುತ್ತಾನೆ. ದೂತನೊಬ್ಬ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು ಕೊಡುತ್ತಾನೆ. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ ಮತ್ತೆ ಉಣ್ಣಿಸುತ್ತಾನೆ. ಮಾತುಕತೆಯೆಲ್ಲ ಅದಾದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಅಲ್ಲಿ ಎಲೀಯ ‘ನಾನೊಬ್ಬನೇ ಉಳಿದಿದ್ದೇನೆ’ ಎಂದು ಅಳಲು ತೋಡಿಕೊಂಡಾಗ ಸಿಗುವ ಉತ್ತರದಲ್ಲಿ ಈ ಎರಡು ಮಾತೂ ಇವೆ: ನಿನ್ನಂಥವರು ಇನ್ನೂ 7,000 ಮಂದಿ ಇದ್ದಾರೆ, ಹೋಗಿ ಎಲೀಷನನ್ನು ನಿನ್ನ ಜಾಗಕ್ಕೆ ಅಭಿಷೇಕಿಸು.

ನಿದ್ದೆ, ಊಟ, ನೀನೊಬ್ಬನೇ ಅಲ್ಲ ಎಂಬ ನೆನಪು, ಕೆಲಸ ಒಪ್ಪಿಸಲು ಇನ್ನೊಬ್ಬ. ನಿಮಗೆ ನಾನು ಹೇಳಬೇಕಾದ ಸಲಹೆಯೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿದೆ.

ಅದಕ್ಕೂ ಮೊದಲು ಸಭೆಯ ಆ ಹಿರಿಯರ ಮಾತಿಗೆ ಬರುತ್ತೇನೆ. ನಿಮ್ಮ ಬಾಯಿ ಕಟ್ಟಿದ್ದು ಅದೇ. ಅವರು ಕೆಟ್ಟ ಮನಸ್ಸಿನಿಂದ ಅಂದಿರಲಾರರು. ಕೆಲಸ ಮಾಡುವವರು ಸಿಗದ ಕಷ್ಟ ಅವರದು. ಮಾಡುವವರ ಕೈಗೇ ಇನ್ನಷ್ಟು ಹಾಕುವುದು ಎಲ್ಲ ಸಂಘ-ಸಂಸ್ಥೆಗಳ ರೂಢಿ. ಆದರೆ ಆ ಮಾತಿನಲ್ಲಿ ದೇವರು ಮತ್ತು ಕಮಿಟಿ ಒಂದೇ ಆಗಿಬಿಟ್ಟಿದ್ದಾರೆ. ಕಮಿಟಿ ಕೇಳುವುದೆಲ್ಲ ದೇವರು ಕೇಳಿದ್ದಲ್ಲ. ಆದಿಸಭೆಯಲ್ಲಿ ವಿಧವೆಯರಿಗೆ ದಿನದಿನದ ಊಟ ಹಂಚುವುದರಲ್ಲಿ ತಕರಾರು ಬಂದಾಗ, ಆ ಕೆಲಸಕ್ಕೆ ತಾವೇ ನಿಲ್ಲುವುದಕ್ಕಾಗದು ಎಂದು ಹೇಳಿದವರು ಸಾಕ್ಷಾತ್ ಅಪೊಸ್ತಲರೇ. ಊಟ ಹಂಚುವುದು ಕೀಳೆಂದಲ್ಲ, ತಮ್ಮ ಪಾಲಿನ ಕೆಲಸ ಬೇರೆ ಇದೆ ಎಂದು. ಆದರೆ ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಏಳು ಜನರನ್ನು ಆರಿಸಿಕೊಳ್ಳಲು ಸಭೆಗೆ ಹೇಳಿ ಆ ಕೆಲಸ ನಡೆಯುವಂತೆ ನೋಡಿಕೊಂಡರು. ಜವಾಬ್ದಾರಿಯುಳ್ಳ ‘ಆಗುವುದಿಲ್ಲ’ ಅಂದರೆ ಹೀಗಿರುತ್ತದೆ.

ನಿಮ್ಮ ಮನೆತನ ನಾಲ್ಕು ತಲೆಮಾರಿನಿಂದ ಸೇರಿರುವ ಸಭೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಆಮೇಲಿನ ಕೆಲಸವನ್ನು ನೋಡಿ: ಒಬ್ಬರು ಶಾಲೆ ನಡೆಸಿದರು, ಒಬ್ಬರು ಊರೂರು ತಿರುಗಿದರು, 1876–78ರ ಭೀಕರ ಬರದಲ್ಲಿ ಅನಾಥರಾದ ಮಕ್ಕಳನ್ನು ಸಾಕಿದವರು ಬೇರೆ, ಬೆಟಗೇರಿಯ ಆಸ್ಪತ್ರೆ ನಡೆಸಿದವರು ಬೇರೆ. 1853ರಲ್ಲಿ ಧಾರವಾಡಕ್ಕೆ ಬಂದ ಫರ್ಡಿನಂಡ್ ಕಿಟೆಲ್ ಎಂಬ ಇಪ್ಪತ್ತೊಂದರ ತರುಣನ ಪಾಲಿಗೆ ಕೊನೆಗೆ ನಿಂತದ್ದು ಕನ್ನಡದ ಶಬ್ದಗಳು. ಸುಮಾರು 70,000 ಪದಗಳ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ ಅವರು ಕೆಲವು ವರ್ಷ ಜರ್ಮನಿಗೆ ಹೋಗಿ ಇದ್ದು, 1883ರಲ್ಲಿ ಮರಳಿ ಬಂದು ಕೆಲಸ ಮುಂದುವರಿಸಿದರು. ಅದರಲ್ಲೂ ಇಲ್ಲಿನ ಪಂಡಿತರ ಕೈ ಕೂಡಿತ್ತು. ಕಿಟೆಲ್ಲರು ಶಬ್ದ ಬಿಟ್ಟು ಎಲ್ಲ ಕೆಲಸಕ್ಕೂ ಓಡಾಡಿದ್ದರೆ ನಮಗೆ ಆ ನಿಘಂಟು ಸಿಗುತ್ತಿರಲಿಲ್ಲ. ಯಾರೊಬ್ಬರೂ ಎಲ್ಲವನ್ನೂ ಮಾಡಲಿಲ್ಲ, ಹಾಗಾಗಿಯೇ ಎಲ್ಲವೂ ನಡೆಯಿತು.

ನೀವು ವಾರ್ಡಿನಲ್ಲಿ ಸಿಸ್ಟರುಗಳನ್ನು ನೋಡಿದ್ದೀರಿ. ಡ್ಯೂಟಿ ಮುಗಿದಾಗ ಅವರು ಮುಂದಿನವರ ಪಕ್ಕ ನಿಂತು, ಹಾಸಿಗೆ ಹಾಸಿಗೆಗೂ ಹೋಗಿ, ಇವರಿಗೆ ಈ ಇಂಜೆಕ್ಷನ್ ಆಗಿದೆ, ಇವರ ಸಲಾಯಿನ್ ಇಷ್ಟು ಉಳಿದಿದೆ ಎಂದು ಒಪ್ಪಿಸಿ ಮನೆಗೆ ಹೋಗುತ್ತಾರೆ. ರೋಗಿಯನ್ನು ಬಿಟ್ಟು ಹೋದರು ಎಂದು ಯಾರೂ ಅನ್ನುವುದಿಲ್ಲ. ಒಪ್ಪಿಸದೆ ಹೋದರೆ ಮಾತ್ರ ತಪ್ಪು. ನಿಮಗೆ ಈಗ ಬೇಕಾಗಿರುವುದು ಹೀಗೆ ಒಪ್ಪಿಸುವ ಧೈರ್ಯ.

ಇನ್ನು ಮಾಡಬೇಕಾದ ಕೆಲವು ಕೆಲಸ. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಲು ಹೊರಡಬೇಡಿ.

ಮೊದಲು ಮೈ. ರಾತ್ರಿ ಒಂಬತ್ತರ ಮೇಲೆ ಸೇವೆಯ ಫೋನು ಬೇಡ. ‘ರಾತ್ರಿ ತುರ್ತು ಇದ್ದರೆ ಡ್ಯೂಟಿ ಸಿಸ್ಟರಿಗೆ ಹೇಳಿರಿ, ನಾನು ಮುಂಜಾನೆ ಫೋನ್ ಮಾಡ್ತೀನಿ’ ಎಂದು ನಂಬರು ಕೊಡುವಾಗಲೇ ರೋಗಿಯ ಕಡೆಯವರಿಗೆ ಹೇಳಿಬಿಡಿ. ಜೊತೆಗೆ ಒಮ್ಮೆ ಡಾಕ್ಟರರನ್ನು ಕಂಡು ಬಿ.ಪಿ., ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿಕೊಳ್ಳಿ. ನಿಮ್ಮ ವಯಸ್ಸಿನಲ್ಲಿ ರಕ್ತ ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ಮುಟ್ಟು ನಿಲ್ಲುವ ಹೊತ್ತಿನ ಬದಲಾವಣೆಗಳಿಂದಲೂ ಸುಸ್ತು, ನಿದ್ದೆಗೇಡು, ಮನಸ್ಸಿನ ಮಂಕು ಬರುವುದುಂಟು. ಮದ್ದು ಬೇಕಾದ ಕಡೆ ಮನಸ್ಸಾಕ್ಷಿಯನ್ನು ಚುಚ್ಚಿಕೊಳ್ಳುತ್ತ ಕೂಡುವುದು ಬೇಡ.

ಆಮೇಲೆ ಒಂದು ಹಾಳೆ. ನಿಮ್ಮ ಕೆಲಸಗಳನ್ನೆಲ್ಲ ಅದರಲ್ಲಿ ಬರೆಯಿರಿ. ಮನೆಯದೂ ಬರಲಿ, ಅತ್ತೆಯವರ ಗುಳಿಗೆ, ಮಗಳ ಪರೀಕ್ಷೆ ಕೂಡ. ಅದೂ ಸೇವೆಯೇ, ಯಾವ ವರದಿಯಲ್ಲೂ ಬರದ ಸೇವೆ. ಸಭೆಯ ಕೆಲಸಗಳಲ್ಲಿ ಒಂದನ್ನು ಉಳಿಸಿಕೊಳ್ಳಿ. ಪತ್ರ ನೋಡಿದರೆ ಅದು ವಾರ್ಡಿನ ಭೇಟಿ ಎನಿಸುತ್ತದೆ. ಯಾರೂ ಹೇಳದೆ ನೀವಾಗಿ ಶುರು ಮಾಡಿದ್ದು ಅದೊಂದೇ. ಅದನ್ನೂ ಸದ್ಯಕ್ಕೆ ವಾರಕ್ಕೆ ಒಂದು ದಿನಕ್ಕೆ ಇಳಿಸಿ, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಹಾವೇರಿ, ಗದಗ, ಕೊಪ್ಪಳದಿಂದ ಬಂದು ವರಾಂಡದಲ್ಲಿ ಚಾಪೆ ಹಾಸಿಕೊಂಡವರಿಗೆ ರಕ್ತಪರೀಕ್ಷೆಯ ರಿಪೋರ್ಟ್ ಎಲ್ಲಿ ಸಿಗುತ್ತದೆ, ಬಿಪಿಎಲ್ ಕಾರ್ಡಿನ ಝೆರಾಕ್ಸ್ ಎಲ್ಲಿ ಕೊಡಬೇಕು ಎನ್ನುವುದೇ ದೊಡ್ಡ ಚಿಂತೆ. ಅದನ್ನೆಲ್ಲ ಇಷ್ಟು ವರ್ಷದಲ್ಲಿ ಕಲಿತವರು ನೀವು. ನಿಮ್ಮ ಸಂಗಡ ನಾಲ್ಕು ಸಲ ಬಂದ ಯುವತಿ ಐದನೇ ಸಲ ತಾನೇ ನಿಭಾಯಿಸುತ್ತಾಳೆ.

ಸಭಾಪಾಲಕರನ್ನು ಒಬ್ಬರೇ ಕಾಣಿರಿ. ಕಮಿಟಿಯಲ್ಲಿ ಹತ್ತು ಜನರ ಮುಂದೆ ‘ಆಗುವುದಿಲ್ಲ’ ಎನ್ನುವುದು ಕಷ್ಟ, ಅದಕ್ಕೆ ಮೊದಲೇ ಹೋಗಿ. ಮಾತು ಹೊರಡದಿದ್ದರೆ ಇಷ್ಟು ಹೇಳಿ: ‘ಅಯ್ಯನವರ, ದವಾಖಾನಿ ಕೆಲಸ ನಾ ಬಿಡೂದಿಲ್ರಿ. ಖಜಾಂಚಿ ಲೆಕ್ಕ ಈ ತಿಂಗಳ ಮುಗಿಸಿ ಒಪ್ಪಸ್ತೀನಿ. ಸಂಡೇ ಸ್ಕೂಲಿಗೆ ಇಬ್ಬರನ್ನ ತಯಾರ ಮಾಡಿ ಕೊಡ್ತೀನಿ. ಕಮಿಟಿಗೆ ಈ ಸಲ ನನ್ನ ಹೆಸರು ಬ್ಯಾಡ್ರಿ.’ ಕಾರಣಗಳ ಪಟ್ಟಿ ಕೊಡಬೇಡಿ. ಪ್ರತಿ ಕಾರಣಕ್ಕೂ ಒಂದು ಪರಿಹಾರ ಹೇಳುವವರು ಇರುತ್ತಾರೆ. ಕ್ಷಮೆ ಕೇಳುವ ಅಗತ್ಯವೂ ಇಲ್ಲ. ಕೆಲವರು ಮುಖ ಸಣ್ಣ ಮಾಡಿಕೊಂಡಾರು. ಎರಡು-ಮೂರು ಭಾನುವಾರ ಅದು ನಿಮ್ಮನ್ನು ಚುಚ್ಚೀತು. ತಡೆದುಕೊಳ್ಳಿ.

ಆ ಸೊಸೆಯನ್ನು ಕಂಡು ಬನ್ನಿ. ಎರಡು ತಿಂಗಳಾಯಿತು, ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ ಅನಿಸಬಹುದು. ಸಾವಿನ ಮನೆಗೆ ಮೊದಲ ವಾರ ಎಲ್ಲರೂ ಬರುತ್ತಾರೆ, ಎರಡು ತಿಂಗಳ ಮೇಲೆ ಬರುವವರು ಕಡಿಮೆ. ‘ಅವತ್ತು ನಿನ್ನ ಫೋನ್ ನನಗ ಕೇಳಸಲಿಲ್ಲವ್ವಾ, ಭಾಳ ಕೆಟ್ಟ ಅನಸ್ತು’ ಎಂದರೆ ಸಾಕು. ನಿಮ್ಮ ಅಪರಾಧದ ಕತೆಯನ್ನೇ ಹೇಳುತ್ತ ಅವಳೇ ನಿಮ್ಮನ್ನು ಸಮಾಧಾನ ಮಾಡುವಂತೆ ಆಗಬಾರದು. ಚಹಾ ಕೊಟ್ಟರೆ ಕುಡಿದು, ಆಕೆ ಮಾವನ ಬಗ್ಗೆ ಹೇಳುವುದನ್ನು ಕೇಳಿ ಬನ್ನಿ. ಹೋಗಲು ಆಗದಿದ್ದರೆ ಒಂದು ಫೋನು ಮಾಡಿ.

ಮಗಳ ಮಾತಿಗೆ ಉತ್ತರ ಕೊಡಿ. ಅವಳು ನಿಮ್ಮ ಸೇವೆಯ ವಿರುದ್ಧ ಇಲ್ಲ. ಅದರಲ್ಲಿ ತನಗೂ ಒಂದು ಪಾಲು ಕೇಳುತ್ತಿದ್ದಾಳೆ. ವಾರದಲ್ಲಿ ಒಂದು ಸಂಜೆ ಅವಳದು ಎಂದು ಗೊತ್ತುಮಾಡಿ, ಯಾರ ಮನೆಯಲ್ಲಿ ಪ್ರಾರ್ಥನಾ ಕೂಟ ಇದ್ದರೂ ಅದನ್ನು ತಪ್ಪಿಸಬೇಡಿ. ಆ ಹೊತ್ತಿನಲ್ಲಿ ಉಪದೇಶ ಬೇಡ, ಓದಿನ ವಿಚಾರಣೆಯೂ ಬೇಡ. ಉಣಕಲ್ ಕೆರೆ ದಂಡೆಗೆ ಹೋಗಿ ಗಿರಮಿಟ್ಟು, ಮಿರ್ಚಿ ತಿಂದು ಬಂದರೂ ಆಯಿತು. ಯಜಮಾನರಿಗೂ ಕೆಲಸ ಹಂಚಿ. ಅವರ ತಾಯಿಯ ಔಷಧಿಯ ಹೊಣೆ ಅವರೇ ಹೊರಬಹುದು. ಕೇಳದೆ ಎಲ್ಲವನ್ನೂ ಮಾಡಿಕೊಂಡು ಹೋಗುವವರಿಗೆ ಮನೆಯಲ್ಲೂ ಸಹಾಯ ಸಿಗುವುದಿಲ್ಲ.

ಪ್ರಾರ್ಥನೆಯನ್ನು ಸಣ್ಣದು ಮಾಡಿ. ಕೆಲವು ದಿನ ಉದ್ದುದ್ದ ಮಾತು ಬಿಡಿ. ಬೆಳಿಗ್ಗೆ ಒಂದು ಕೀರ್ತನೆ ಓದಿ ಸುಮ್ಮನೆ ಕೂತರೂ ಸಾಕು. ಭಾನುವಾರ ಒಂದೆರಡು ವಾರ ಸಂಡೇ ಸ್ಕೂಲಿನ ಕೀಲಿಕೈ, ಲೆಕ್ಕದ ಪುಸ್ತಕ ಯಾವುದೂ ಕೈಯಲ್ಲಿಲ್ಲದೆ ಆರಾಧನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂಡಿ. ನಂಬುವ ಗೆಳತಿಯೊಬ್ಬರಿಗೆ, ‘ನನಗೋಸ್ಕರ ನೀನು ಪ್ರಾರ್ಥನೆ ಮಾಡು’ ಎಂದು ಕೇಳಿ. ಎಲ್ಲರಿಗಾಗಿ ಮಾಡುವ ನೀವು ಇದನ್ನು ಕೇಳಿ ಎಷ್ಟು ಕಾಲವಾಯಿತೋ.

ವಾರ್ಡಿನ ಭೇಟಿಯ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಆಸ್ಪತ್ರೆಯಲ್ಲಿ ಎಲ್ಲ ಧರ್ಮದವರೂ ನೋವಿನಲ್ಲಿರುತ್ತಾರೆ. ಗಂಜಿ, ಫಾರ್ಮು ತುಂಬುವ ಸಹಾಯ, ಪಕ್ಕದಲ್ಲಿ ಕೂತು ಕೇಳುವ ಕಿವಿ ಎಲ್ಲರಿಗೂ ಸಮನಾಗಿ ಸಿಗಲಿ. ಪ್ರಾರ್ಥನೆ ಮಾತ್ರ ಅವರಾಗಿ ಕೇಳಿದರೆ, ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ, ಆಸ್ಪತ್ರೆಯ ನಿಯಮದೊಳಗೆ ನಡೆಯಲಿ. ಕಾಲ ಸೂಕ್ಷ್ಮವಾಗಿದೆ ಎಂಬ ಎಚ್ಚರಿಕೆ ಸರಿಯೇ, ಆದರೆ ಅದಕ್ಕೂ ದೊಡ್ಡ ಕಾರಣವೊಂದಿದೆ. ಹಾಸಿಗೆ ಹಿಡಿದವರಿಗೆ ಬೇಡ ಎನ್ನುವ ಶಕ್ತಿ ಇರುವುದಿಲ್ಲ. ಅವರ ದುರ್ಬಲತೆಯನ್ನು ಗೌರವಿಸುವುದೂ ಆತ್ಮಿಕ ಜವಾಬ್ದಾರಿಯೇ. ಒಳ್ಳೆಯ ಸಮಾರ್ಯದವನು ಗಾಯಕ್ಕೆ ಎಣ್ಣೆ ಹಾಕಿದ, ಛತ್ರದವನ ಕೈಗೆ ಒಪ್ಪಿಸಿದ, ತನ್ನ ದಾರಿ ಹಿಡಿದು ಹೋದ. ಗಾಯಗೊಂಡವನ ಮತ ಯಾವುದೆಂದು ಕೇಳಿದ್ದು ಆ ಕತೆಯಲ್ಲಿಲ್ಲ.

ಇಷ್ಟೆಲ್ಲ ವಿಶ್ರಾಂತಿ ತೆಗೆದುಕೊಂಡ ಮೇಲೂ ಎರಡು ವಾರ ಕಳೆದು ನಿದ್ದೆ ಬಾರದಿದ್ದರೆ, ಯಾವುದರಲ್ಲೂ ರುಚಿ ಹತ್ತದಿದ್ದರೆ, ಸುಮ್ಮಸುಮ್ಮನೆ ಅಳು ಬಂದರೆ, ‘ನಾನು ಇರದಿದ್ದರೇ ಒಳ್ಳೆಯದು’ ಎಂಬ ಯೋಚನೆ ಒಮ್ಮೆ ಸುಳಿದರೂ, ತಡಮಾಡದೆ ಸಹಾಯ ಪಡೆಯಿರಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ನಿಮಗೆ ಹತ್ತಿರದಲ್ಲೇ ಇದೆ. ಹೊರರೋಗಿ ವಿಭಾಗಕ್ಕೆ ನೇರವಾಗಿ ಹೋಗಬಹುದು. ಮನೆಯಿಂದಲೇ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವ ಹೊತ್ತಿಗಾದರೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರರ ಬಳಿ ಹೋದರೆ ವಿಶ್ವಾಸ ಕಡಿಮೆ ಎಂದಾಗುವುದಿಲ್ಲ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರನ್ನು ನೀವೇ ಹಾಗೆ ಅನ್ನುವುದಿಲ್ಲವಲ್ಲ.

ಈ ಅಂಕಣ ಓದುತ್ತಿರುವ ಇತರರಿಗೂ ಒಂದು ಮಾತು. ಸಿದ್ಧಾರೂಢ ಮಠದ ದಾಸೋಹದಲ್ಲಿ ಕೈಜೋಡಿಸುವವರು, ಮಸೀದಿ ಕಮಿಟಿಯಲ್ಲಿ ಓಡಾಡುವವರು, ಓಣಿಯ ಮಹಿಳಾ ಮಂಡಳ ನಡೆಸುವವರು, ನಿಮಗೂ ಈ ಸಹೋದರಿಯ ದಣಿವಿನ ಪರಿಚಯ ಇರಬಹುದು. ನಿಮ್ಮ ನಡುವೆ ಹೀಗೆ ಎಲ್ಲಕ್ಕೂ ಮುಂದೆ ನಿಲ್ಲುವ ಒಬ್ಬ ಅಕ್ಕ, ಒಬ್ಬ ಕಾಕಾ ಇದ್ದೇ ಇರುತ್ತಾರೆ. ಅವರನ್ನು ಹೊಗಳುವ ಬದಲು ಅವರ ಒಂದು ಕೆಲಸ ಕೇಳಿ ತೆಗೆದುಕೊಳ್ಳಿ. ಹಿರಿಯ ಸ್ಥಾನದಲ್ಲಿರುವವರು ಇನ್ನು ಮೇಲೆ ಯಾರಾದರೂ ‘ಆಗುವುದಿಲ್ಲ’ ಎಂದಾಗ ದೇವರ ಹೆಸರು ಎತ್ತುವ ಮುಂಚೆ, ‘ಮನ್ಯಾಗ ಎಲ್ಲಾ ಆರಾಮ ಅದೀರೇನ್ರಿ?’ ಎಂದು ಕೇಳಿ ನೋಡಿ.

ಸಹೋದರಿ, ‘ಸೇವೆ ಬಿಟ್ಟರೆ ದೇವರಿಗೆ ದ್ರೋಹವೇ?’ ಎಂದು ಕೇಳಿದ್ದಿರಿ. ನೀವು ಸೇವೆ ಬಿಡುತ್ತಿಲ್ಲ. ನಿಮ್ಮ ಪಾಲಿನದನ್ನು ಇಟ್ಟುಕೊಂಡು ಉಳಿದದ್ದನ್ನು ಉಳಿದವರಿಗೆ ಕೊಡುತ್ತಿದ್ದೀರಿ, ಅವರಿಗೂ ಸೇವೆ ಮಾಡುವ ಹಕ್ಕಿದೆ. ಎರಡು ತಿಂಗಳ ಮೇಲೆ ನನಗೆ ಮತ್ತೊಂದು ಪತ್ರ ಬರೆಯಿರಿ. ಅದರಲ್ಲಿ ಏನೇನು ಮಾಡಿದಿರಿ ಎಂಬ ಪಟ್ಟಿ ಬೇಡ. ಯಾವ ಕೆಲಸವನ್ನು ಯಾರ ಕೈಗೆ ಒಪ್ಪಿಸಿದಿರಿ, ಅದನ್ನು ಬರೆಯಿರಿ.